ಫ್ರೀಡಂ ಪಾರ್ಕಿನಲ್ಲಿ ಕಾಲೇಜು ಮೇಷ್ಟ್ರುಗಳು

ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು, ಆನಂದರಾವ್ ಸರ್ಕಲ್ ದಾಟಿ ಶೇಷಾದ್ರಿ ರಸ್ತೆ ಹಿಡಿದರೆ ಫ್ರೀಡಂ ಪಾರ್ಕ್ ನಡೆದುಹೋಗುವಷ್ಟೇ ದೂರ. ಇದು ಹಳೆಯ ಸೆಂಟ್ರಲ್ ಜೈಲು. ನಡುವೆ ಕಾವಲು ಗೋಪುರ, ಸುತ್ತ ಬ್ಯಾರಕ್ಕುಗಳು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನು ಇಟ್ಟಿದ್ದು ಇಲ್ಲೇ. 2008ರಲ್ಲಿ ಉದ್ಯಾನವಾಯಿತು. ಒಂದು ಬದಿ ವಾಯುವಿಹಾರ, ಇನ್ನೊಂದು ಬದಿ ಧರಣಿಗೆಂದೇ ಬಿಟ್ಟ ಜಾಗ. ಬೆಂಗಳೂರಿನಲ್ಲಿ ಪ್ರತಿಭಟನೆಗೆ ಪೊಲೀಸರು ಈಗ ತೋರಿಸುವುದು ಈ ಅಂಗಳವನ್ನೇ. ಅಂಗನವಾಡಿ, ಆಶಾ ಕಾರ್ಯಕರ್ತೆಯರು ಕೂತೆದ್ದ ಈ ನೆಲದಲ್ಲೇ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರೂ ಶಾಮಿಯಾನ ಹಾಕಿದ್ದು.

ಈ ಕಾಲೇಜುಗಳಲ್ಲಿ ಖಾಯಂ ಅಧ್ಯಾಪಕರಿಗಿಂತ ಅತಿಥಿಗಳೇ ಹೆಚ್ಚು. ಪಾಠ, ಇಂಟರ್ನಲ್ಸ್, ಪರೀಕ್ಷೆ ಎಲ್ಲವೂ ಅವರ ಹೆಗಲ ಮೇಲೆ. ಶೈಕ್ಷಣಿಕ ವರ್ಷ ಮುಗಿದರೆ ಕೆಲಸವೂ ಮುಗಿಯಿತು, ಗೌರವಧನವೂ ನಿಂತಿತು. ಹತ್ತಾರು ವರ್ಷ ಕಲಿಸಿದವರೂ ಹೊಸಬರಂತೆ ಮತ್ತೆ ಅರ್ಜಿ ಹಾಕಿ ಕೌನ್ಸೆಲಿಂಗ್‌ಗೆ ಕಾಯಬೇಕು. 2022ಕ್ಕೆ ಮುಂಚೆ ಕೈಗೆ ಬರುತ್ತಿದ್ದದ್ದು ತಿಂಗಳಿಗೆ 11,000 ರೂಪಾಯಿ. ನೆಟ್ ಅಥವಾ ಪಿಎಚ್‌.ಡಿ. ಇದ್ದವರಿಗೆ 13,000. ಅದೂ ತಿಂಗಳುಗಟ್ಟಲೆ ಬಾಕಿ.

2021ರ ಡಿಸೆಂಬರ್‌ನಲ್ಲಿ ಅವರು ತರಗತಿ ಬಹಿಷ್ಕರಿಸಿದರು. ಮುಂದಿನ ಜನವರಿಯಲ್ಲಿ ಸರ್ಕಾರ ಮಣಿದು ಗೌರವಧನವನ್ನು 26,000ದಿಂದ 32,000ದವರೆಗೆ ಏರಿಸಿತು. ಜೊತೆಗೇ, ವಾರಕ್ಕೆ 8-10 ಗಂಟೆಯಿದ್ದ ಕಾರ್ಯಭಾರವನ್ನು 15ಕ್ಕೆ ಒಯ್ದಿತು. ಈ ಲೆಕ್ಕವನ್ನು ಬಿಡಿಸಿ ನೋಡಬೇಕು. ವಿಭಾಗದಲ್ಲಿ 30 ಗಂಟೆ ಪಾಠವಿದ್ದರೆ ಮೊದಲು ಮೂವರಿಗೆ ಕೆಲಸ. ಹೊಸ ಆದೇಶದಲ್ಲಿ ಇಬ್ಬರಿಗೇ ಮುಗಿಯಿತು. ಪಕ್ಕದಲ್ಲಿ ಕೂತು ಘೋಷಣೆ ಕೂಗಿದ ಮೂರನೆಯವರು ಹೊರಗುಳಿದರು. ಸಂಬಳ ಹೆಚ್ಚಿಸಿ ಸಂಘಟನೆಯನ್ನೇ ಸೀಳುವ ಇಂಥ ಏರಿಕೆಯನ್ನು ಉದಾರತೆ ಎನ್ನಲು ನನಗೆ ಮನಸ್ಸಿಲ್ಲ.

ಅದಕ್ಕೇ 2023ರ ನವೆಂಬರ್‌ನಲ್ಲಿ ಮತ್ತೆ ಬೀದಿಗಿಳಿದಾಗ ಮುಂದಿಟ್ಟ ಬೇಡಿಕೆ ಸೇವಾ ಖಾಯಮಾತಿ. ವರ್ಷಾಂತ್ಯದಲ್ಲಿ ಸರ್ಕಾರ ಸೇವಾವಧಿ ನೋಡಿ 5,000ದಿಂದ 8,000 ರೂಪಾಯಿ ಹೆಚ್ಚಳ, 5 ಲಕ್ಷದ ಆರೋಗ್ಯ ವಿಮೆ, 60 ತುಂಬಿದಾಗ 5 ಲಕ್ಷದ ಇಡಿಗಂಟು ಘೋಷಿಸಿತು. ಅವರು ಒಪ್ಪಲಿಲ್ಲ. 2024ರ ಜನವರಿಯಲ್ಲಿ ತುಮಕೂರಿನ ಸಿದ್ಧಗಂಗೆಯಿಂದ ಕಾಲ್ನಡಿಗೆಯಲ್ಲಿ ಹೊರಟು ಈ ಅಂಗಳಕ್ಕೇ ಬಂದರು. ಗಂಡಸರು, ಹೆಂಗಸರು, ನಿವೃತ್ತಿಯ ಅಂಚಿಗೆ ಬಂದವರು ಹೆದ್ದಾರಿಯ ಬದಿಯಲ್ಲಿ ಸಾಲುಗಟ್ಟಿ ನಡೆದರು.

ಖಾಯಮಾತಿ ಎಂದೊಡನೆ ಅಧಿಕಾರಿಗಳು ಎತ್ತುವುದು ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಕೊಟ್ಟ ತೀರ್ಪು, ಆ ಪ್ರಕರಣವೂ ಕರ್ನಾಟಕದ್ದೇ. ನೇಮಕಾತಿ ಕ್ರಮಬದ್ಧವಾಗಿರಬೇಕು ಎಂಬ ಅದರ ತತ್ವ ಸರಿಯೇ. ಆದರೆ ವರ್ಷಗಟ್ಟಲೆ ಹುದ್ದೆ ತುಂಬದೆ ಅತಿಥಿಗಳಿಂದಲೇ ಕಾಲೇಜು ನಡೆಸಿದವರು ಯಾರು? 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ದೀರ್ಘಕಾಲ ದುಡಿದವರ ಹಕ್ಕು ತಳ್ಳಿಹಾಕಲು ಉಮಾದೇವಿ ತೀರ್ಪನ್ನು ಗುರಾಣಿ ಮಾಡಿಕೊಳ್ಳುವಂತಿಲ್ಲ ಎಂದಿತು. 2025ರ ಆಗಸ್ಟ್‌ನಲ್ಲಿ, ತಿಂಗಳಿಗೆ 30,000 ಪಡೆಯುತ್ತಿದ್ದ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರಿಗೆ ಖಾಯಂ ಹುದ್ದೆಯ ಕನಿಷ್ಠ ವೇತನವನ್ನೇ ಕೊಡಿ ಎಂದು ಅದೇ ನ್ಯಾಯಾಲಯ ಆದೇಶಿಸಿತು. ವಿಧಾನಸೌಧಕ್ಕೆ ಇಲ್ಲಿಂದ ಹೆಚ್ಚು ದೂರವಿಲ್ಲ. ಆ ಎರಡೂ ತೀರ್ಪುಗಳನ್ನು ಅಲ್ಲಿ ಮೇಜಿನ ಮೇಲಿಟ್ಟುಕೊಂಡು, ಮುಂದಿನ ವರ್ಷದ ಅರ್ಜಿ ಕರೆಯುವ ಮೊದಲು, ಈ ಮೇಷ್ಟ್ರುಗಳನ್ನು ಕೂರಿಸಿ ಮಾತಾಡಬೇಕು.