ಅಡಿಕೆ ದ್ವೀಪದಲ್ಲಿ ಒಂದು ಹಗಲು

ಹಡಗು ಹತ್ತಿದ ಮೊದಲ ಸಂಜೆಯೇ ಗಮನಿಸಿದೆ, ಈಜುಕೊಳದ ಹತ್ತಿರ ಇರುವುದಕ್ಕಿಂತ ಉದ್ದದ ಸಾಲು ‘ಶೋರ್ ಎಕ್ಸ್‌ಕರ್ಷನ್’ ಎಂದು ಬರೆದಿದ್ದ ಮೇಜಿನ ಮುಂದಿತ್ತು. ಬಂದರು ಬಂದಾಗ ದಡಕ್ಕಿಳಿದು ಏನು ನೋಡಬೇಕು ಅನ್ನುವುದನ್ನು ಅಲ್ಲಿ ಡಾಲರಿನಲ್ಲಿ ಮಾರುತ್ತಾರೆ. ಸಿಂಗಪುರದಿಂದ ಹೊರಟ ನಮ್ಮ ಹಡಗಿಗೆ ಮೊದಲ ಬಂದರು ಮಲೇಷ್ಯಾದ ಪೆನಾಂಗ್. ಪಟ್ಟಿಯಲ್ಲಿ ಕೆಕ್ ಲೋಕ್ ಸಿ ಬೌದ್ಧ ದೇವಾಲಯ, ಪೆನಾಂಗ್ ಹಿಲ್‌ನ ಹಗ್ಗದ ರೈಲು, ಟ್ರೈಶಾದಲ್ಲಿ ಊರು ಸುತ್ತುವುದು, ಬಾತು ಫೆರಿಂಗಿ ಕಡಲತೀರ ಇವೆಲ್ಲ ಇದ್ದವು. ತಲೆಗೆ ಸುಮಾರು ಎಂಬತ್ತು ಡಾಲರ್. ನಾವು ನಾಲ್ಕು ತಲೆ: ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು, ಶಿರಸಿ ಸೀಮೆಯ ಹಳ್ಳಿಯಿಂದ ಪುಣೆಗೆ, ಅಲ್ಲಿಂದ ಇಲ್ಲಿಗೆ ಒತ್ತಾಯಕ್ಕೆ ಬಂದ ಅಪ್ಪಯ್ಯ.

ನಾನು ಎಕ್ಸೆಲ್ ಶೀಟು ಮಾಡುವ ಜಾತಿಯವನು. ಹಿಂಜವಡಿಯ ಆಫೀಸಿನಲ್ಲಿ ಮಾಡುವ ಕೆಲಸವನ್ನೇ ರಜೆಯಲ್ಲೂ ಮಾಡುತ್ತೇನೆ ಎಂದು ಹೆಂಡತಿ ಬೈಯುತ್ತಾಳೆ. ಪ್ರತಿ ಜಾಗಕ್ಕೆ ಎಷ್ಟು ನಡಿಗೆ, ಎಷ್ಟು ಮೆಟ್ಟಿಲು, ಎಷ್ಟು ಬಿಸಿಲು ಎಂದು ಅಂಕ ಕೊಟ್ಟು ಕೂತಿದ್ದಾಗ ಅಪ್ಪಯ್ಯ ಪಕ್ಕಕ್ಕೆ ಬಂದರು. ಎರಡು ದಿನದಿಂದ ಕವಳ ಇಲ್ಲದೆ ಅವರ ಮುಖ ಬಾಡಿತ್ತು. ಸಿಂಗಪುರದಲ್ಲಿ ಜಗಿಯುವ ತಂಬಾಕು ನಿಷಿದ್ಧ ಎಂದು ಹೇಳಿ ಸಂಚಿಯನ್ನು ಪುಣೆಯಲ್ಲೇ ಬಿಡಿಸಿದ್ದೆ. ಅಡಿಕೆ ಎಲೆಯಾದರೂ ತರಬಹುದಿತ್ತೋ ಏನೋ, ನಾನು ವಿಚಾರಿಸಲಿಲ್ಲ, ಅದು ನನ್ನ ಸೋಮಾರಿತನ.

“ತಮಾ, ಪೆನಾಂಗ್ ಅಂದ್ರೆ ಎಂತದು?”

ಫೋನಿನಲ್ಲಿ ಮೊದಲೇ ಓದಿಕೊಂಡಿದ್ದೆ. ಮಲಯ್ ಭಾಷೆಯಲ್ಲಿ ‘ಪುಲಾವ್’ ಅಂದರೆ ದ್ವೀಪ, ‘ಪಿನಾಂಗ್’ ಅಂದರೆ ಅಡಿಕೆ. ಪುಲಾವ್ ಪಿನಾಂಗ್, ಅಡಿಕೆ ದ್ವೀಪ. ಆ ರಾಜ್ಯದ ಬಾವುಟದ ನಡುವೆ ಇರುವುದೂ ಅಡಿಕೆ ಮರವೇ. ಚಿತ್ರ ತೆಗೆದು ತೋರಿಸಿದೆ: ತಿಳಿನೀಲಿ, ಬಿಳಿ, ಹಳದಿ ಪಟ್ಟಿ, ಬಿಳಿಯ ಮೇಲೆ ದಿಬ್ಬದ ಮೇಲೊಂದು ಮರ. ಅಪ್ಪಯ್ಯ ಕನ್ನಡಕ ಹಣೆಗೇರಿಸಿ ತುಂಬ ಹೊತ್ತು ನೋಡಿದರು.

“ಹಂಗಾದ್ರೆ ತೋಟ ನೋಡದೇ ಬಪ್ಪದು ಹ್ಯಾಂಗೆ?”

ಎಕ್ಸೆಲ್ ಶೀಟಿನಲ್ಲಿ ಆ ಕಾಲಮ್ಮೇ ಇರಲಿಲ್ಲ.

ಕ್ರೂಸ್ ಹೋಗದವರಿಗಾಗಿ ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ದಡದ ತಿರುಗಾಟದಲ್ಲಿ ಎರಡು ದಾರಿ. ಹಡಗಿನವರೇ ಮಾರುವ ಪ್ರವಾಸದಲ್ಲಿ ಹೋದರೆ, ಬಸ್ಸು ತಡವಾದರೂ ಹಡಗು ಸಾಮಾನ್ಯವಾಗಿ ಕಾಯುತ್ತದೆ. ಸ್ವಂತ ಹೋದರೆ ಕಾಯುವುದಿಲ್ಲ. ಹಡಗು ಹೊರಡುವ ಹೊತ್ತಿಗಿಂತ ಅರ್ಧ ಗಂಟೆಯೋ ಒಂದು ಗಂಟೆಯೋ ಮೊದಲು ‘ಆಲ್ ಅಬೋರ್ಡ್’ ಎಂಬ ಗಡುವು ಇರುತ್ತದೆ, ಅದೇ ನಿಜವಾದ ಸಮಯ. ನಮ್ಮದು ಸಂಜೆ 4:30. ತಪ್ಪಿದರೆ ಮುಂದಿನ ಬಂದರಿಗೆ ನಮ್ಮ ಖರ್ಚಿನಲ್ಲೇ ಹೋಗಿ ಹಿಡಿಯಬೇಕು. ಕೆಲವು ಹಡಗಿನವರು ಪಾಸ್‌ಪೋರ್ಟ್ ತಾವೇ ಇಟ್ಟುಕೊಂಡು ಕೈಗೆ ನಕಲು ಕೊಡುತ್ತಾರೆ, ಆಗಂತೂ ಫಜೀತಿ. ಕೋಣೆಗೆ ಬರುವ ದಿನಪತ್ರದಲ್ಲಿ ಬಂದರಿನ ಏಜೆಂಟರ ಫೋನ್ ನಂಬರ್ ಇರುತ್ತದೆ. ಎಲ್ಲರೂ ಅದನ್ನು ಓದದೆ ಬಿಸಾಡುತ್ತಾರೆ. ಫೋಟೋ ತೆಗೆದಿಟ್ಟುಕೊಳ್ಳಿ.

ಹಡಗು ಎಲ್ಲಿ ನಿಲ್ಲುತ್ತದೆ ಎನ್ನುವುದೂ ಮುಖ್ಯ. ಕೌಲಾಲಂಪುರ ಎಂದು ಕರಪತ್ರದಲ್ಲಿ ಹಾಕಿದರೂ ಹಡಗು ನಿಲ್ಲುವುದು ಪೋರ್ಟ್ ಕ್ಲಾಂಗ್‌ನಲ್ಲಿ, ನಗರ ಅಲ್ಲಿಂದ ದೂರ. ಫುಕೆಟ್‌ನಲ್ಲಿ ದೊಡ್ಡ ಹಡಗುಗಳು ಪತಾಂಗ್ ಕೊಲ್ಲಿಯಲ್ಲಿ ಲಂಗರು ಹಾಕಿ, ಜನರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಬಿಡುವುದು ಹೆಚ್ಚು. ದೋಣಿಯ ಸರತಿಯಲ್ಲೇ ಒಂದು ಗಂಟೆ ಹೋಗಬಹುದು. ಪೆನಾಂಗ್ ಹಾಗಲ್ಲ. ಸ್ವೆಟ್ಟೆನ್‌ಹ್ಯಾಮ್ ಪಿಯರ್‌ನಿಂದ ಇಳಿದರೆ ನೇರ ಜಾರ್ಜ್ ಟೌನಿನ ಎದೆಗೇ ಕಾಲಿಟ್ಟಂತೆ. ಎದುರಿಗೆ ವಿಕ್ಟೋರಿಯಾ ರಾಣಿಯ ಹೆಸರಿನ ಗಡಿಯಾರ ಗೋಪುರ, ಆಕೆಯ ಆಳ್ವಿಕೆಯ ಅರವತ್ತು ವರ್ಷಕ್ಕೆ ಅರವತ್ತು ಅಡಿ. ಐದು ನಿಮಿಷಕ್ಕೆ ಕಾರ್ನ್‌ವಾಲಿಸ್ ಕೋಟೆ. ಹತ್ತು ನಿಮಿಷಕ್ಕೆ ಲಿಟಲ್ ಇಂಡಿಯಾ. ಅಂದರೆ ದಡದಲ್ಲಿ ಸಿಗುವ ಎಂಟು ಗಂಟೆಯಲ್ಲಿ ಬಹುಪಾಲು ನಮ್ಮದೇ. ವೀಸಾದ ತಾಪತ್ರಯವೂ ಇರಲಿಲ್ಲ, ಮಲೇಷ್ಯಾ 2023ರ ಡಿಸೆಂಬರಿನಿಂದ ಭಾರತೀಯರಿಗೆ 30 ದಿನದ ವಿನಾಯಿತಿ ಕೊಟ್ಟಿದೆ. ಮರಳಿ ಸಿಂಗಪುರಕ್ಕೇ ಬರುವುದರಿಂದ ಅಲ್ಲಿಯ ವೀಸಾ ಮಾತ್ರ ಒಂದಕ್ಕಿಂತ ಹೆಚ್ಚು ಪ್ರವೇಶದ್ದಿರಬೇಕು.

ಹಾಗೆಂದು ಎಲ್ಲರೂ ಪಟ್ಟಿ ಬಿಟ್ಟು ಹೊರಗೆ ಹೋಗಿ ಎಂದು ನಾನು ಹೇಳುವುದಿಲ್ಲ. ಹಿಂದೊಮ್ಮೆ ಮುಂಬೈಯಿಂದ ಹೊರಟ ಹಡಗಿನಲ್ಲಿ ಕೊಚ್ಚಿಗೆ ಹೋಗಿದ್ದಾಗ ಜಾಣತನ ತೋರಿಸಿ ಸ್ವಂತ ಆಟೋ ಮಾಡಿ ಮಟ್ಟಾಂಚೇರಿಯ ಯೆಹೂದಿ ಸಿನಗಾಗ್‌ಗೆ ಹೋಗಿದ್ದೆವು. ಅಂದು ಶನಿವಾರ. ಯೆಹೂದಿಗಳ ಸಬ್ಬತ್ ದಿನ ಬಾಗಿಲು ಮುಚ್ಚಿರುತ್ತದೆ ಎಂಬುದು ಬಾಗಿಲ ಮುಂದೆ ನಿಂತಾಗ ಹೊಳೆಯಿತು.

ಪೆನಾಂಗ್‌ನಲ್ಲಿ ಅಡಿಕೆ ತೋಟ ಎಂದು ಹುಡುಕಿದರೆ ಏನೂ ಸರಿಯಾಗಿ ಸಿಗಲಿಲ್ಲ. ಸಿಕ್ಕಿದ್ದು ದ್ವೀಪದ ಹಿಂಬದಿಯ ಬಾಲಿಕ್ ಪುಲಾವ್. ಹೆಸರಿನ ಅರ್ಥವೇ ದ್ವೀಪದ ಬೆನ್ನು. ಗುಡ್ಡ ದಾಟಿ ಒಂದು ಗಂಟೆಯ ದಾರಿ. ಡುರಿಯನ್, ಲವಂಗ, ಜಾಯಿಕಾಯಿ ತೋಟಗಳ ಸೀಮೆ. ನಮ್ಮ ತೋಟದಲ್ಲೂ ಅಡಿಕೆಯ ನಡುವೆ ಹದಿನೈದು ಜಾಯಿಕಾಯಿ ಮರಗಳಿವೆ, ಆಯಿ ಇದ್ದಾಗ ನೆಟ್ಟಿದ್ದು. “ಅಡಿಕೆ ಇಲ್ದಿದ್ರೆ ಜಾಯಿಕಾಯಿ ಆದ್ರೂ ಆತು” ಅಂದರು ಅಪ್ಪಯ್ಯ.

ಬೆಳಗ್ಗೆ ಪಿಯರಿನ ಹೊರಗೆ ಟ್ಯಾಕ್ಸಿಯವರು ಮುತ್ತಿಕೊಂಡರು. ಒಬ್ಬ ತಮಿಳು ಚಾಲಕರೊಂದಿಗೆ ಹೋಗಿ-ಕಾದು-ಬರುವ ಲೆಕ್ಕದಲ್ಲಿ ಮಾತಾಡಿದೆವು. ಇದೊಂದು ನಾನು ಸರಿಯಾಗಿ ಮಾಡಿದ ಕೆಲಸ. ಆ್ಯಪಿನಲ್ಲಿ ಹೋಗುವುದು ಅಗ್ಗ, ಆದರೆ ದ್ವೀಪದ ಬೆನ್ನಿನಿಂದ ವಾಪಸಾಗಲು ಗಾಡಿ ಸಿಗುತ್ತದೆ ಎಂಬ ಖಾತರಿಯಿಲ್ಲ. ಕಾರು ಹತ್ತುವ ಮೊದಲೇ ಅಪ್ಪಯ್ಯ ನನ್ನ ಫೋನು ತೆಗೆದುಕೊಂಡು ಊರಿಗೆ ಹಚ್ಚಿದರು. ಸಮುದ್ರದ ಮೇಲೆ ಸಿಗ್ನಲ್ ಇರಲಿಲ್ಲ, ಹಡಗಿನ ವೈಫೈಗೆ ದುಡ್ಡು ಕೊಡಲು ಅವರು ಬಿಟ್ಟಿರಲಿಲ್ಲ. ಮೇ ತಿಂಗಳ ಕೊನೆ, ಮಳೆ ಹಿಡಿಯುವ ಮೊದಲು ಕೊಳೆಗೆ ಮೊದಲ ಸಲದ ಮದ್ದು ಹೊಡೆಯಬೇಕು. ಕೊನೆಗೌಡ ಬಂದನಾ, ಸುಣ್ಣ ತಂದದ್ದಾಯಿತಾ, ಇಷ್ಟೇ ಮಾತು. ಆ ಕಡೆಯಿಂದ ಬಂದ ಉತ್ತರ ಅವರಿಗೆ ರುಚಿಸಲಿಲ್ಲ ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಗುಡ್ಡದ ತಿರುವುಗಳಲ್ಲಿ ಡುರಿಯನ್ ಅಂಗಡಿಗಳು ಸಾಲಾಗಿದ್ದವು, ಹಣ್ಣಿನ ಕಾಲ ಆಗಷ್ಟೇ ಶುರುವಾಗಿತ್ತು. ಆ ವಾಸನೆಯ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬರೆಯುವುದಿಲ್ಲ. ಮಗಳು ಮೂಗು ಮುಚ್ಚಿಕೊಂಡಳು, ಅಪ್ಪಯ್ಯ ಎರಡು ತೊಳೆ ತಿಂದು “ಬಕ್ಕೆ ಹಲಸೇ ಚೊಲೊ” ಎಂದು ತೀರ್ಪು ಕೊಟ್ಟರು.

ಚಾಲಕರಿಗೆ ಅಡಿಕೆ ಎಂದರೆ ಅರ್ಥವಾಗಲಿಲ್ಲ. ‘ಪಾಕ್ಕು’ ಎಂದಾಗ ನಕ್ಕರು. ಈಗ ತೋಟವೆಂದು ಯಾರು ಬೆಳೆಯುತ್ತಾರೆ, ಅಲ್ಲೊಂದು ಇಲ್ಲೊಂದು ಮನೆಯ ಅಂಗಳದಲ್ಲಿ ಇರುತ್ತದೆ ಅಂದರು. ಒಂದು ಮಲಯ್ ಮನೆಯ ಮುಂದೆ ಕಾರು ನಿಧಾನ ಮಾಡಿ ಆರೇಳು ಮರ ತೋರಿಸಿದರು. ಅವರಿಂದಲೇ ಕೇಳಿದ್ದು: ಮಲಯ್ ಭಾಷೆಯಲ್ಲಿ ಹೆಣ್ಣು ಕೇಳುವುದಕ್ಕೆ ‘ಮೆಮಿನಾಂಗ್’ ಅನ್ನುತ್ತಾರೆ, ಅಡಿಕೆಯಿಂದಲೇ ಹುಟ್ಟಿದ ಮಾತು. ತಾಂಬೂಲ ಇಲ್ಲದೆ ಯಾವ ಶುಭಕಾರ್ಯವೂ ನಡೆಯದ ಮನೆಯಿಂದ ಬಂದ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅಪ್ಪಯ್ಯ ಮಾತ್ರ ಆ ಮರಗಳ ಹೆಡೆಗಳನ್ನೇ ನೋಡುತ್ತಿದ್ದರು. ಚುಕ್ಕೆ ಇದೆಯೇ ಎಂದು.

ಅಡಿಕೆ ಬೆಳೆಯದ ಊರಿನವರಿಗೆ ಇದನ್ನು ಹೇಳಬೇಕು. ಕೆಲವು ವರ್ಷಗಳಿಂದ ಮಲೆನಾಡಿನ ತೋಟಗಳಿಗೆ ಎಲೆಚುಕ್ಕೆ ರೋಗ ಬಿದ್ದಿದೆ. ಶಿಲೀಂಧ್ರದ ರೋಗ. ಹೆಡೆಯ ಮೇಲೆ ಕಂದು ಚುಕ್ಕೆಗಳಾಗಿ ಶುರುವಾಗಿ, ಚುಕ್ಕೆಗಳು ಕೂಡಿ, ಹೆಡೆಯೇ ಒಣಗುತ್ತದೆ. ಹೆಡೆ ಹೋದರೆ ಫಸಲೂ ಹೋಗುತ್ತದೆ. ನಮ್ಮ ತೋಟದ ಮೇಲಿನ ಬಣ್ಣಕ್ಕೆ ಹೋದ ವರ್ಷ ಬಂತು. ಪಕ್ಕದವರು ತೋಟವನ್ನು ಗುತ್ತಿಗೆಗೆ ಕೇಳುತ್ತಿದ್ದಾರೆ ಎಂಬುದು ನನಗೆ ಗೊತ್ತಿತ್ತು. ಪುಣೆಗೆ ಬಂದ ಮೇಲೆ ಅಪ್ಪಯ್ಯ ಅದರ ಸುದ್ದಿ ಎತ್ತಿರಲಿಲ್ಲ, ನಾನೂ ಕೇಳಿರಲಿಲ್ಲ.

ಜಾಯಿಕಾಯಿ ತೋಟದ ಒಡತಿ ಅರವತ್ತು ದಾಟಿದ ಚೀನೀ ಮೂಲದ ಹೆಂಗಸು. ಇಳಿಜಾರಿನಲ್ಲಿ ಮರಗಳು, ಕೆಳಗೆ ಒಣಗಿಸುವ ತಟ್ಟೆಗಳು, ಪಕ್ಕದಲ್ಲೊಂದು ಸಣ್ಣ ಅಂಗಡಿ. ಹಣ್ಣು ಬಿರಿದು ಒಳಗೆ ಕೆಂಪು ಜಾಪತ್ರೆ ಬಲೆಯಂತೆ ಬೀಜವನ್ನು ಸುತ್ತಿಕೊಂಡಿದ್ದನ್ನು ಆಕೆ ಪ್ರವಾಸಿಗರಿಗೆ ತೋರಿಸುವ ರೀತಿಯಲ್ಲಿ ತೋರಿಸಿದರು. ಅಪ್ಪಯ್ಯ ಒಂದನ್ನು ತೆಗೆದುಕೊಂಡು ಹೆಬ್ಬೆರಳಿನಿಂದ ಜಾಪತ್ರೆಯನ್ನು ಹರಿಯದೆ ಇಡಿಯಾಗಿ ಬಿಡಿಸಿ ಅಂಗೈಯಲ್ಲಿಟ್ಟರು. ಅಲ್ಲಿಂದ ಮುಂದೆ ನಾನು ಬರೀ ದುಭಾಷಿ.

“ಗಂಡು ಮರ ಎಷ್ಟು ಇದ್ದು ಕೇಳು.”

ಜಾಯಿಕಾಯಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ನೆಟ್ಟರೆ ಐದಾರು ವರ್ಷ ಕಾದು ಹೂ ಬಿಟ್ಟ ಮೇಲೆಯೇ ಗೊತ್ತಾಗುವುದು. ಹತ್ತು ಹೆಣ್ಣಿಗೆ ಒಂದು ಗಂಡು ಸಾಕು, ಉಳಿದವನ್ನು ಕಡಿಯಬೇಕು ಇಲ್ಲವೇ ಕಸಿ ಕಟ್ಟಬೇಕು. ಈ ಪ್ರಶ್ನೆ ಕೇಳಿ ಒಡತಿ ಪ್ರವಾಸದ ಮಾತು ನಿಲ್ಲಿಸಿದರು. ನಮ್ಮನ್ನು ಅಂಗಡಿಯ ಹಿಂದಕ್ಕೆ ಕರೆದುಕೊಂಡು ಹೋಗಿ ತಮ್ಮ ಕಸಿ ಗಿಡಗಳನ್ನು ತೋರಿಸಿದರು.

ನನಗೆ ಆಶ್ಚರ್ಯವಾದದ್ದು ಸಿಪ್ಪೆಯ ವಿಷಯ. ನಾವು ಬೀಜ ಮತ್ತು ಜಾಪತ್ರೆ ಮಾರುತ್ತೇವೆ. ದಪ್ಪ ಸಿಪ್ಪೆಯಲ್ಲಿ ಒಂದಷ್ಟು ತಂಬುಳಿಗೆ, ಉಪ್ಪಿನಕಾಯಿಗೆ ಹೋದರೆ ಉಳಿದದ್ದು ಮರದ ಬುಡದಲ್ಲೇ ಕೊಳೆಯುತ್ತದೆ. ಪೆನಾಂಗ್‌ನಲ್ಲಿ ಸಿಪ್ಪೆಗೇ ದೊಡ್ಡ ಮರ್ಯಾದೆ. ಹೆಚ್ಚಿ ಸಕ್ಕರೆಯಲ್ಲಿ ಒಣಗಿಸುತ್ತಾರೆ, ಉಪ್ಪಿನಲ್ಲಿ ಹಾಕುತ್ತಾರೆ, ರಸ ತೆಗೆದು ಐಸ್ ಹಾಕಿ ಕೊಡುತ್ತಾರೆ. ಬೀಜದ ಎಣ್ಣೆ ಮಂಡಿನೋವಿಗೆ. ಶರಬತ್ತು ಕುಡಿಯುತ್ತ ಅಪ್ಪಯ್ಯ ಮನಸ್ಸಿನಲ್ಲೇ ಹದಿನೈದು ಮರದ ಸಿಪ್ಪೆಯ ಲೆಕ್ಕ ಹಾಕುತ್ತಿದ್ದರು, ತುಟಿ ಅಲ್ಲಾಡುತ್ತಿತ್ತು.

ಈ ಮರಗಳು ಇಲ್ಲಿಯವಲ್ಲ. ಫ್ರಾನ್ಸಿಸ್ ಲೈಟ್ 1786ರಲ್ಲಿ ಈಸ್ಟ್ ಇಂಡಿಯಾ ಕಂಪನಿಗಾಗಿ ಪೆನಾಂಗನ್ನು ಹಿಡಿದ ಮೇಲೆ, ಡಚ್ಚರ ಕೈಯಲ್ಲಿದ್ದ ಸಾಂಬಾರ ಪದಾರ್ಥಗಳ ವ್ಯಾಪಾರವನ್ನು ಮುರಿಯಲು ಇಂಗ್ಲಿಷರು ಮೊಲುಕ್ಕಾ ದ್ವೀಪಗಳಿಂದ ಜಾಯಿಕಾಯಿ, ಲವಂಗದ ಸಸಿಗಳನ್ನು ಸಾವಿರಗಟ್ಟಲೆ ಹಡಗಿನಲ್ಲಿ ತಂದು ಇಲ್ಲಿ ನೆಡಿಸಿದರು. ಒಂದು ಕಾಲಕ್ಕೆ ದ್ವೀಪವೆಲ್ಲ ಜಾಯಿಕಾಯಿ. 1860ರ ಹೊತ್ತಿಗೆ ರೋಗ ಬಿದ್ದು ತೋಟಗಳು ಸಾಲುಸಾಲಾಗಿ ಸತ್ತವು, ಸಿಂಗಪುರದಲ್ಲೂ ಹಾಗೇ ಆಯಿತು. ಇದನ್ನು ನಾನು ಹಿಂದಿನ ರಾತ್ರಿ ಓದಿದ್ದೆ, ಅಪ್ಪಯ್ಯನಿಗೆ ಹೇಳಬಾರದು ಎಂದುಕೊಂಡಿದ್ದೆ. ಒಡತಿಯೇ ಹೇಳಿಬಿಟ್ಟರು. ಅನುವಾದ ಮಾಡದೆ ವಿಧಿಯಿರಲಿಲ್ಲ.

“ಆವಾಗ ಅವ್ಕೆ ಮದ್ದು ಇತ್ತಿಲ್ಯಾ?”

ಇರಲಿಲ್ಲ. ಫ್ರಾನ್ಸಿನಲ್ಲಿ ದ್ರಾಕ್ಷಿಗೆ ಬೋರ್ಡೋ ದ್ರಾವಣ ಬಳಕೆಗೆ ಬಂದದ್ದೇ 1880ರ ದಶಕದಲ್ಲಿ. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ ಅದೇ ದ್ರಾವಣವನ್ನು ಹೊಡೆಯಲು ಹೇಳಿಕೊಟ್ಟರು. ಇಂದಿಗೂ ನಮ್ಮಲ್ಲಿ ಮೈಲುತುತ್ತ, ಸುಣ್ಣ ಕಲಸಿ ಹೊಡೆಯುವುದು ಅದನ್ನೇ. ಅಪ್ಪಯ್ಯನಿಗೆ ದ್ರಾವಣ ಗೊತ್ತು, ಕೋಲ್ಮನ್ ಗೊತ್ತಿರಲಿಲ್ಲ.

ಮಳೆ ಬಂತು. ಅಂಗಡಿಯ ಮಾಡಿನ ಕೆಳಗೆ ಬೆಂಚಿನ ಮೇಲೆ ಕೂತೆವು. ಹೆಂಡತಿ, ಮಗಳು ಒಣ ಜಾಯಿಕಾಯಿ ಪೊಟ್ಟಣ ಆರಿಸುತ್ತಿದ್ದರು. ಒಡತಿಯ ಇಬ್ಬರು ಮಕ್ಕಳೂ ಸಿಂಗಪುರದಲ್ಲಿ ಕೆಲಸದಲ್ಲಿದ್ದಾರಂತೆ, ಹಬ್ಬಕ್ಕೆ ಬರುತ್ತಾರಂತೆ. ತಮ್ಮ ನಂತರ ತೋಟ ಯಾರಿಗೆ ಎಂದು ಅಪ್ಪಯ್ಯ ಕೇಳಿಸಿದರು. ಆಕೆ ಭುಜ ಕುಣಿಸಿ ನಕ್ಕು ಮತ್ತೆರಡು ಲೋಟ ಶರಬತ್ತು ತಂದಿಟ್ಟರು, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

“ತೋಟ ಗುತ್ತಿಗೆಗೆ ಕೊಟ್ಬಿಡ್ಲಾ? ನೀ ಎಂತ ಹೇಳ್ತೆ?”

ನಾಲ್ಕು ಸಾವಿರ ಕಿಲೋಮೀಟರಿನಷ್ಟು ದೂರ ಬಂದು, ಪರರ ತೋಟದಲ್ಲಿ ಕೂತು ಈ ಪ್ರಶ್ನೆ. ಶಿರಸಿಯ ಮನೆಯ ಜಗುಲಿಯಲ್ಲಿ ಕೇಳಿದ್ದರೆ ಲೀವ್ ಇಲ್ಲ, ಮಗಳ ಶಾಲೆ, ಮನೆ ಸಾಲ ಎಂದು ಏನಾದರೂ ಒದರುತ್ತಿದ್ದೆ. ಇಲ್ಲಿ ಸುಳ್ಳು ಹೇಳಲಾಗಲಿಲ್ಲ. ನಾನು ವಾಪಸ್ ಬರುವುದಿಲ್ಲ ಅಪ್ಪಯ್ಯ, ಅದನ್ನು ಲೆಕ್ಕದಲ್ಲಿಟ್ಟುಕೊಂಡು ನಿಮಗೆ ಸರಿ ಕಂಡದ್ದು ಮಾಡಿ ಅಂದೆ. ಅವರು ತಲೆಯಾಡಿಸಿದರು. ಬೇಜಾರಾಯಿತೋ ಇಲ್ಲವೋ ಗೊತ್ತಾಗಲಿಲ್ಲ. ಬಹಳ ಹೊತ್ತಿನ ಮೇಲೆ, ಕಾರಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿ “ಇದೊಂದು ಮಳೆಗಾಲ ನೋಡನ” ಅಂದರು.

ಹೊರಟಾಗ ಎರಡು ಕಾಲು. ಮಳೆಗೆ ಗುಡ್ಡದ ರಸ್ತೆಯಲ್ಲಿ ಗಾಡಿಗಳು ಆಮೆಯಂತೆ ಹರಿಯುತ್ತಿದ್ದವು. ಹೆಂಡತಿ ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದಳು. ಎಂಬತ್ತು ಡಾಲರಿನ ಬಸ್ಸಿನಲ್ಲಿ ಹೋದವರು ಈಗ ಆರಾಮವಾಗಿ ನಿದ್ದೆ ಮಾಡುತ್ತಿರುತ್ತಾರೆ ಎಂದು ನನಗೇ ಅನ್ನಿಸಿತು. ಊರು ಮುಟ್ಟಿದಾಗ 3:40. ಆಗ ಚಾಲಕರು, ಅಪ್ಪಯ್ಯನ ಕಡೆ ಕನ್ನಡಿಯಲ್ಲಿ ನೋಡಿ, ‘ವೆತ್ತಲೈ ಪಾಕ್ಕು?’ ಅಂದರು. ಹೆಂಡತಿ ಬೇಡವೆನ್ನುವಷ್ಟರಲ್ಲಿ ಕಾರು ಲಿಟಲ್ ಇಂಡಿಯಾದ ಗಲ್ಲಿಗೆ ತಿರುಗಿಯಾಗಿತ್ತು.

ಹೂವಿನಂಗಡಿಯ ಪಕ್ಕದ ಸಣ್ಣ ಗೂಡಂಗಡಿ. ಎಲೆ, ಸುಣ್ಣ, ಹೋಳು ಅಡಿಕೆ. ಅಪ್ಪಯ್ಯ ಒಂದು ಹೋಳನ್ನು ಹಲ್ಲಿಗೆ ಕಚ್ಚಿ ನೋಡಿ, ಎಲ್ಲಿಯದು ಕೇಳು ಅಂದರು. ಇಂಡೋನೇಷ್ಯಾದ್ದು ಅಂದ ಅಂಗಡಿಯವನು. ಅಡಿಕೆ ದ್ವೀಪಕ್ಕೂ ಆಮದು ಅಡಿಕೆ! ಊರಿನ ಸಂಘದ ಸಭೆಗಳಲ್ಲಿ ಆಮದಿನ ವಿರುದ್ಧ ಎದ್ದು ನಿಂತು ಮಾತಾಡುವ ಮನುಷ್ಯ, ಎರಡು ದಿನದ ಉಪವಾಸದ ಮುಂದೆ ತತ್ವ ಬಿಟ್ಟು, ಎಲೆಯ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿದರು.

4:15ಕ್ಕೆ ಹಡಗಿನ ಮೆಟ್ಟಿಲ ಮುಂದಿದ್ದೆವು. ಸ್ಕ್ಯಾನರ್ ಹತ್ತಿರ ನಿಂತ ಹುಡುಗ ದಿನ ಹೇಗಿತ್ತು ಎಂದು ಅಪ್ಪಯ್ಯನನ್ನು ನಗುತ್ತ ಕೇಳಿದ. ಬಾಯಿ ತುಂಬ ಕವಳ. ಉಗುಳಲು ಜಾಗವಿಲ್ಲ, ನುಂಗುವಂತಿಲ್ಲ. ಎರಡೂ ಕೈ ಎತ್ತಿ ಮುಗಿದು ಲಿಫ್ಟಿನ ಕಡೆ ಓಡಿದರು. ಎಂಟನೇ ಮಹಡಿಯ ಕೋಣೆಯ ಬಚ್ಚಲಿನಿಂದ ಬಾಯಿ ತೊಳೆದು ಹೊರಬಂದು, ಟವೆಲ್ಲಿನಿಂದ ಮೀಸೆ ಒರೆಸಿಕೊಳ್ಳುತ್ತ, ನಾಳೆ ಯಾವ ಬಂದರು ಎಂದು ಕೇಳಿದರು.

ಫುಕೆಟ್ ಅಂದೆ.

“ಅಲ್ಲಿ ಎಂತ ಬೆಳೀತ?”

ರಬ್ಬರ್ ಅಂದೆ. ಮಗಳು ದಿಂಬಿನಲ್ಲಿ ಮುಖ ಮುಚ್ಚಿಕೊಂಡು, ನಾಳೆ ಬೀಚಿಗೆ ಹೋಗಲೇಬೇಕು ಎಂದು ಅಳತೊಡಗಿದಳು.