ಹಸಿವಿನ ತೆರೆ: ತಪಸ್ಸುಕಾಲಕ್ಕೊಂದು ಅಂತರಪಟ

ಬೂದಿ ಬುಧವಾರದಂದು ಹಣೆಯ ಮೇಲೆ ಬೂದಿ ಧರಿಸಿ ತಪಸ್ಸುಕಾಲವನ್ನು ಪ್ರವೇಶಿಸುವ ನಾವು, ಉಪವಾಸವೆಂದರೆ ನಾಲಗೆಗೆ ಸಂಬಂಧಿಸಿದ್ದೆಂದೇ ಭಾವಿಸುವುದು ವಾಡಿಕೆ. ಮಾಂಸಾಹಾರವನ್ನು ವರ್ಜಿಸುತ್ತೇವೆ, ಒಂದು ಹೊತ್ತಿನ ಊಟವನ್ನು ಬಿಟ್ಟು ಅದರ ಬೆಲೆಯನ್ನು ಕಾಣಿಕೆ ಡಬ್ಬಿಗೆ ಹಾಕುತ್ತೇವೆ. ಧರ್ಮಸಭೆಯ ಪರಂಪರೆಯಲ್ಲಿ ಕಣ್ಣಿಗೂ ಒಂದು ಉಪವಾಸವುಂಟು. ತಪಸ್ಸುಕಾಲದ 5ನೇ ಭಾನುವಾರದಿಂದ ದೇವಾಲಯದ ಶಿಲುಬೆಯನ್ನೂ ಸಂತರ ಸ್ವರೂಪಗಳನ್ನೂ ನೇರಳೆ ಬಣ್ಣದ ಬಟ್ಟೆಯಿಂದ ಮುಚ್ಚುವ ಪದ್ಧತಿಯನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲರು. ಶಿಲುಬೆಯ ಮುಸುಕು ಶುಭ ಶುಕ್ರವಾರದ ಆರಾಧನೆಯವರೆಗೆ, ಸ್ವರೂಪಗಳ ಮುಸುಕು ಪಾಸ್ಖ ಜಾಗರಣೆಯ ಆರಂಭದವರೆಗೆ ಉಳಿಯುತ್ತದೆ. ವರ್ಷವಿಡೀ ನೋಡಿ ರೂಢಿಯಾಗಿ, ಎದುರಿಗಿದ್ದರೂ ಕಾಣದಂತಾದ ಮುಖವನ್ನು ಎರಡು ವಾರ ಮರೆಮಾಡಿ ಅದಕ್ಕಾಗಿ ಹಂಬಲಿಸುವಂತೆ ಮಾಡುವುದೇ ಆ ಮುಸುಕಿನ ಕೆಲಸ.

ಆದರೆ ಇಂದು ನಮ್ಮ ದೇವಾಲಯಗಳಲ್ಲಿ ಕಣ್ಣಿಗೆ ಬಿಡುವೇ ಇಲ್ಲವಾಗಿದೆ. ಹಬ್ಬ ಬಂತೆಂದರೆ ಫ್ಲೆಕ್ಸ್, ಓಡುವ ಬಣ್ಣದ ದೀಪ, ಥರ್ಮೋಕೋಲಿನ ಮಂಟಪ. ಹೊಸ ದೇವಾಲಯ ಕಟ್ಟಿದರೆ ಅಂಗಡಿಯಲ್ಲಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಫೈಬರ್ ಸ್ವರೂಪಗಳು. ಕೊಳವೆಬಾವಿ ಸಾವಿರ ಅಡಿ ದಾಟಿದರೂ ನೀರು ಕಾಣದ ನಮ್ಮ ಬಯಲುಸೀಮೆಯ ಬಡ ಕುಟುಂಬಗಳೂ ಇದಕ್ಕೆ ಕೈಲಾದ ವಂತಿಗೆ ಕೊಡುತ್ತವೆ. ಅವರ ಭಕ್ತಿಯನ್ನು ನಾವು ಪ್ರಶ್ನಿಸುವುದಿಲ್ಲ. ದೇವಾಲಯದಲ್ಲಿ ಕಲೆ ಇರುವುದು ಅಲಂಕಾರಕ್ಕೋ ಪ್ರಾರ್ಥನೆಗೋ ಎಂಬ ಪ್ರಶ್ನೆಯನ್ನು ಮಾತ್ರ ಈ ತಪಸ್ಸುಕಾಲದಲ್ಲಿ ಕೇಳಿಕೊಳ್ಳಬೇಕೆಂದು ಬಯಸುತ್ತೇವೆ. ಅದಕ್ಕೆ ಉತ್ತರ ಹುಡುಕಲು ಒಂದು ತುಂಡು ಬಟ್ಟೆಯ ಚರಿತ್ರೆ ನಮಗೆ ನೆರವಾಗುತ್ತದೆ.

ಬಲಿಪೀಠದ ಮುಂದಿನ ತೆರೆ

ಸುಮಾರು ಸಾವಿರ ವರ್ಷಗಳ ಹಿಂದೆ ಯೂರೋಪಿನ ದೇವಾಲಯಗಳಲ್ಲಿ ತಪಸ್ಸುಕಾಲ ಆರಂಭವಾದೊಡನೆ ಬಲಿಪೀಠಕ್ಕೂ ಜನರಿಗೂ ನಡುವೆ ಒಂದು ದೊಡ್ಡ ತೆರೆಯನ್ನು ಇಳಿಬಿಡುತ್ತಿದ್ದರು. ಜರ್ಮನರು ಇದನ್ನು ‘ಹಸಿವಿನ ಬಟ್ಟೆ’ ಎಂದೇ ಕರೆದರು. ಬಹಿರಂಗ ಪ್ರಾಯಶ್ಚಿತ್ತಕ್ಕೆ ಒಳಗಾದ ಪಾಪಿಗಳು ಹೊರಗೆ ನಿಲ್ಲಬೇಕಾಗಿದ್ದ ಕಾಲದಲ್ಲಿ, ‘ನಾವೆಲ್ಲರೂ ಪಾಪಿಗಳೇ, ನಮ್ಮೆಲ್ಲರ ಕಣ್ಣಿಗೂ ಈ ದೂರ ಇರಲಿ’ ಎಂದು ಇಡೀ ಸಭೆ ಒಪ್ಪಿಕೊಂಡಂತೆ ಇತ್ತು ಆ ತೆರೆ. ಪವಿತ್ರ ವಾರದ ಬುಧವಾರ ಯೇಸುಸ್ವಾಮಿಯ ಯಾತನೆಯ ವೃತ್ತಾಂತವನ್ನು ಓದುವಾಗ, ಮಹಾದೇವಾಲಯದ ತೆರೆ ಹರಿದ ಪ್ರಸಂಗ ಬಂದೊಡನೆ ಅದನ್ನು ಕೆಳಗಿಳಿಸುತ್ತಿದ್ದರು.

ಮೊದಮೊದಲು ಈ ತೆರೆ ಬರಿಯ ಬಟ್ಟೆಯಾಗಿತ್ತು. ಕ್ರಮೇಣ ಅದರ ಮೇಲೆ ಪವಿತ್ರ ಗ್ರಂಥದ ಚಿತ್ರಗಳು ಮೂಡಿದವು. ಆಸ್ಟ್ರಿಯಾದ ಗುರ್ಕ್ ಪ್ರಧಾನಾಲಯದಲ್ಲಿರುವ 1458ರ ತೆರೆಯಲ್ಲಿ 99 ಚಿತ್ರಗಳಿವೆ. ಜರ್ಮನಿಯ ಚಿಟ್ಟಾವ್ ಪಟ್ಟಣದ 1472ರ ತೆರೆಯಲ್ಲಿ 90. ಓದುಬರಹ ಬಾರದ ರೈತನು ನಲವತ್ತು ದಿನ ಬಲಿಪೀಠವನ್ನು ಕಾಣದೆ, ಅದರ ಬದಲಿಗೆ ಸೃಷ್ಟಿಯಿಂದ ಅಂತಿಮ ತೀರ್ಪಿನವರೆಗಿನ ರಕ್ಷಣೆಯ ಕಥೆಯನ್ನು ಒಂದೊಂದೇ ಚೌಕದಲ್ಲಿ ಓದಿಕೊಳ್ಳುತ್ತಿದ್ದನು. ಮರೆಮಾಡುವ ಬಟ್ಟೆಯೇ ತೋರಿಸುವ ಬಟ್ಟೆಯೂ ಆಯಿತು.

ಶತಮಾನಗಳು ಕಳೆದಂತೆ ಈ ಪದ್ಧತಿ ಬಹುಮಟ್ಟಿಗೆ ಮರೆಯಾಯಿತು. ಅದು ಮತ್ತೆ ಜೀವ ತಳೆದ ಕಥೆಯಲ್ಲಿ ನಮ್ಮ ಸೀಮೆಗೂ ಪಾಲಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಜರ್ಮನಿಯ ಧರ್ಮಾಧ್ಯಕ್ಷರು ಬಡರಾಷ್ಟ್ರಗಳ ಹಸಿವು ರೋಗಗಳ ನಿವಾರಣೆಗಾಗಿ 1958ರಲ್ಲಿ ಸ್ಥಾಪಿಸಿದ ಮಿಸೆರಿಯೋರ್ ಸಂಸ್ಥೆಯು 1976ರಲ್ಲಿ ಹಸಿವಿನ ತೆರೆಯನ್ನು ಪುನರುಜ್ಜೀವನಗೊಳಿಸಿತು. ಆ ಮೊದಲ ತೆರೆಯನ್ನು ರಚಿಸಿದವರು ಭಾರತದ ಕಲಾವಿದ ಜ್ಯೋತಿ ಸಾಹಿ. 1944ರಲ್ಲಿ ಪುಣೆಯಲ್ಲಿ ಜನಿಸಿ, ಲಂಡನ್ನಿನ ಕ್ಯಾಂಬರ್‌ವೆಲ್ ಕಲಾಶಾಲೆಯಲ್ಲಿ ಕಲಿತು, ಬೆಂಗಳೂರಿನ ಉತ್ತರಕ್ಕಿರುವ ಕ್ರೈಸ್ತರ ಹಳ್ಳಿ ಸಿಲ್ವೆಪುರದಲ್ಲಿ ನೆಲೆಸಿದವರು ಇವರು. ಅಂದಿನಿಂದ ಒಂದೊಂದು ದೇಶದ ಕಲಾವಿದರು ತಮ್ಮ ಜನರ ನೋವು ಭರವಸೆಗಳನ್ನು ಇಂಥ ತೆರೆಗಳ ಮೇಲೆ ಚಿತ್ರಿಸುತ್ತ ಬಂದಿದ್ದಾರೆ. 1982ರ ತೆರೆ ಹೈಟಿಯ ಜಾಕ್ ಶೆರಿಯವರದು. 1990ರ ತೆರೆಯಲ್ಲಿ ಬೈಬಲಿನ ಸ್ತ್ರೀಯರನ್ನು ಚಿತ್ರಿಸಿದವರು ಗೋವಾ ಮೂಲದ ಲೂಸಿ ಡಿಸೋಜ. ಅವುಗಳ ಪ್ರತಿಗಳು ಸಾವಿರಾರು ಧರ್ಮಕೇಂದ್ರಗಳಲ್ಲಿ ತಪಸ್ಸುಕಾಲದುದ್ದಕ್ಕೂ ತೂಗುತ್ತವೆ. ಉಣ್ಣುವವರ ಕಣ್ಣೆದುರು ಹಸಿದವರ ಮುಖವನ್ನು ಹಿಡಿಯುವ ಈ ಕಲೆಯ ಮೊದಲ ಕೈ ಭಾರತದ್ದಾಯಿತು. ಆದರೆ ನಮ್ಮದೇ ದೇವಾಲಯಗಳಲ್ಲಿ ಅಂಥದೊಂದು ತೆರೆ ಕಾಣಸಿಗುವುದು ಅಪರೂಪ.

ಯಾವ ಮುಖ ನಮ್ಮದು?

‘ಕ್ರಿಸ್ತನಿಗೆ ದೇಶೀಯ ರೂಪವೇಕೆ? ಅಜ್ಜಿ ತಾತಂದಿರ ಕಾಲದಿಂದ ಬಂದ ಸ್ವರೂಪ ಸಾಲದೆ?’ ಎಂದು ವಿಶ್ವಾಸಿಗಳು ಕೇಳುವುದುಂಟು. 1967ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನಾ ಕೇಂದ್ರದಲ್ಲಿ ಫಾದರ್ ಅಮಲೋರ್ಪವದಾಸ್ ಅವರು ಭಾರತೀಯ ಶೈಲಿಯ ಕಲೆಯನ್ನೂ ಆರಾಧನಾ ಕ್ರಮವನ್ನೂ ಬಳಕೆಗೆ ತಂದಾಗಲೂ ಇದೇ ಪ್ರಶ್ನೆ ತೀವ್ರವಾಗಿ ಎದ್ದಿತು. 1969ರಲ್ಲಿ ರೋಮಿನ ಒಪ್ಪಿಗೆ ಪಡೆದ ಹನ್ನೆರಡು ಅಂಶಗಳಿಂದಾಗಿ ಬಲಿಪೂಜೆಯಲ್ಲಿ ಆರತಿ, ದೀಪ, ಅಂಜಲಿ ಮುದ್ರೆಗಳಿಗೆ ಅವಕಾಶ ದೊರೆಯಿತು. ಅಂದು ವಿರೋಧಕ್ಕೆ ಗುರಿಯಾದ ಆರತಿಯನ್ನು ಇಂದು ಅನೇಕ ಧರ್ಮಕೇಂದ್ರಗಳಲ್ಲಿ ಹಬ್ಬದ ದಿನ ನಮ್ಮ ಹೆಣ್ಣುಮಕ್ಕಳು ಸಹಜವಾಗಿ ಬೆಳಗುತ್ತಾರೆ.

ನಮ್ಮ ಜಿಲ್ಲೆಯ ಮಟ್ಟಿಗೆ ಈ ಪ್ರಶ್ನೆ ಇನ್ನೂ ಹಳೆಯದು. 18ನೇ ಶತಮಾನದ ಆರಂಭದಲ್ಲಿ ಕರ್ನಾಟಿಕ್ ಮಿಷನ್ನಿನ ಫ್ರೆಂಚ್ ಯೇಸುಸಭೆಯ ಗುರುಗಳು ಚಿಕ್ಕಬಳ್ಳಾಪುರದಲ್ಲಿ ಸುವಾರ್ತೆ ಸಾರಿದರು. ಅವರಲ್ಲೊಬ್ಬರಾದ ಫಾದರ್ ಲೆ ಗಾಕ್ ಈ ಊರಿನಿಂದ ಬರೆದ ಪತ್ರ ಫ್ರಾನ್ಸಿನಲ್ಲಿ ಮುದ್ರಣಗೊಂಡಿತು. ಅವರು ಸನ್ಯಾಸಿಗಳಂತೆ ಕಾವಿಯುಟ್ಟು, ಮಾಂಸಾಹಾರ ತ್ಯಜಿಸಿ, ನೆಲದ ಮೇಲೆ ಕುಳಿತು ಉಂಡವರು. ಈ ನೆಲದ ವೇಷವನ್ನು ಸುವಾರ್ತೆಗೆ ತೊಡಿಸಲು ಅವರು ಅಂದೇ ಹಿಂಜರಿಯಲಿಲ್ಲ.

ಹಾಗೆಂದ ಮಾತ್ರಕ್ಕೆ ಹೊಸದೆಲ್ಲವೂ ಒಳ್ಳೆಯದೆಂದು ನಾವು ಹೇಳಲಾರೆವು. 1963ರ ದ್ವಿತೀಯ ವ್ಯಾಟಿಕನ್ ಮಹಾಸಭೆಯ ದೈವಾರಾಧನಾ ಸಂವಿಧಾನವು ಧರ್ಮಸಭೆ ಯಾವ ಒಂದು ಕಲಾಶೈಲಿಯನ್ನೂ ತನ್ನದೆಂದು ಮೀಸಲಿರಿಸಿಕೊಂಡಿಲ್ಲವೆಂದು ಸ್ಪಷ್ಟಪಡಿಸಿತು; ಅದರೊಡನೆಯೇ ವೈಭವಕ್ಕಿಂತ ಉದಾತ್ತ ಸೌಂದರ್ಯ ಮೇಲೆಂದೂ, ಸ್ವರೂಪಗಳ ಸಂಖ್ಯೆ ಮಿತವಾಗಿರಬೇಕೆಂದೂ ಎಚ್ಚರಿಸಿತು. ಚಿತ್ರವನ್ನು ಅಳೆಯಲು ನಮಗೆ ಬೇಕಾದ ಕೋಲನ್ನು 13ನೇ ಶತಮಾನದಲ್ಲೇ ಸಂತ ತೋಮಸ್ ಅಕ್ವಿನಾಸರು ಕೊಟ್ಟಿದ್ದಾರೆ. ದೇವಾಲಯದಲ್ಲಿ ಚಿತ್ರಗಳಿರುವುದಕ್ಕೆ ಅವರು ಹೇಳುವ ಕಾರಣಗಳು ಮೂರು: ಅಕ್ಷರ ಅರಿಯದವರಿಗೆ ಬೋಧನೆ, ದೇವಪುತ್ರನ ಮನುಷ್ಯಾವತಾರದ ರಹಸ್ಯದ ಸ್ಮರಣೆ, ಭಕ್ತಿಯ ಉದ್ದೀಪನ. ಚಿತ್ರವನ್ನು ಬರಿಯ ವಸ್ತುವಾಗಿ ನೋಡುವ ಮನಸ್ಸು ಮರದಲ್ಲೋ ಬಣ್ಣದಲ್ಲೋ ನಿಂತುಬಿಡುತ್ತದೆ. ಚಿತ್ರವಾಗಿ ನೋಡುವ ಮನಸ್ಸು ಅದು ತೋರಿಸುವವನ ಬಳಿಗೆ ನಡೆಯುತ್ತದೆ ಎಂಬುದು ಅವರ ವಿವೇಚನೆ.

ಈ ಮೂರು ಕಾರಣಗಳನ್ನು ಪ್ರಶ್ನೆಗಳಾಗಿ ಬದಲಿಸಿಕೊಂಡು ನಮ್ಮ ದೇವಾಲಯದ ಗೋಡೆಯ ಮುಂದೆ ನಿಲ್ಲೋಣ. ಇದು ಮಕ್ಕಳಿಗೆ ಏನನ್ನಾದರೂ ಕಲಿಸುತ್ತದೆಯೇ? ದೇವರು ನಮ್ಮಂಥ ಮನುಷ್ಯನಾದನು, ಹಸಿದನು, ದಣಿದನು ಎಂಬುದನ್ನು ನೆನಪಿಸುತ್ತದೆಯೇ? ದುಡಿದು ಬಂದ ತಾಯಿಯೊಬ್ಬಳು ಇದರ ಮುಂದೆ ಮೊಣಕಾಲೂರಿ ಕಣ್ಣೀರಿಡಬಲ್ಲಳೇ? ಅಜ್ಜಿಯ ಕಾಲದ ಬಣ್ಣ ಮಾಸಿದ ಸ್ವರೂಪ ಈ ಪರೀಕ್ಷೆಯಲ್ಲಿ ಗೆಲ್ಲಬಹುದು. ಹೊಸ ಫೈಬರ್ ಸ್ವರೂಪ ಸೋಲಬಹುದು. ಭಕ್ತರ ಎದೆಗೆ ತಾಗದೆ ಕಲಾವಿದನ ಜಾಣ್ಮೆಯನ್ನಷ್ಟೇ ಮೆರೆಸುವ ದೇಶೀಯ ಚಿತ್ರವೂ ಸೋಲಬಹುದು.

ತೆರೆ ನಮಗೆ ಹೊಸದಲ್ಲ

ಹಸಿವಿನ ತೆರೆ ಜರ್ಮನಿಯದಾದರೂ ತೆರೆಯ ಭಾಷೆ ನಮ್ಮ ಜನಕ್ಕೆ ಪರಕೀಯವಲ್ಲ. ಮೂಡಲಪಾಯದ ಬಯಲಾಟದಲ್ಲಿ ಇಬ್ಬರು ಹಿಡಿದ ತೆರೆಯ ಹಿಂದೆ ವೇಷಧಾರಿ ಬಂದು ನಿಲ್ಲುತ್ತಾನೆ. ಮೇಲೆ ಕಿರೀಟ, ಕೆಳಗೆ ಗೆಜ್ಜೆಕಾಲು ಮಾತ್ರ ಕಾಣುತ್ತವೆ. ತೆರೆ ಸರಿಯುವವರೆಗೆ ಸಭೆಯಲ್ಲಿ ಯಾರೂ ಕಣ್ಣು ಮಿಟುಕಿಸುವುದಿಲ್ಲ. ನೆರೆಹೊರೆಯ ಹಿಂದೂ ಸಹೋದರರ ಮದುವೆಗಳಲ್ಲಿ ವಧೂವರರ ನಡುವೆ ಹಿಡಿಯುವ ಅಂತರಪಟವನ್ನು ನಾವೆಲ್ಲರೂ ನೋಡಿದ್ದೇವೆ. ಮುಹೂರ್ತ ಕೂಡಿಬಂದೊಡನೆ ಅದು ಸರಿಯುತ್ತದೆ. ಜೀರಿಗೆ ಬೆಲ್ಲದೊಡನೆ ಇಬ್ಬರೂ ಮುಖಾಮುಖಿಯಾಗುತ್ತಾರೆ. ಧರ್ಮಸಭೆಯನ್ನು ವಧುವೆಂದೂ ಕ್ರಿಸ್ತನನ್ನು ವರನೆಂದೂ ಕರೆಯುವ ಪವಿತ್ರ ಗ್ರಂಥದ ಮಾತನ್ನು ನೆನೆದರೆ, ತಪಸ್ಸುಕಾಲದ ತೆರೆ ನಮ್ಮ ಕಣ್ಣಿಗೆ ಅಂತರಪಟವಾಗಿಯೇ ಕಾಣುತ್ತದೆ. ಶುಭ ಶುಕ್ರವಾರ ಯಾಜಕರು ಶಿಲುಬೆಯ ಮುಸುಕನ್ನು ಮೂರು ಹಂತಗಳಲ್ಲಿ ಸರಿಸಿ, ಮೂರು ಬಾರಿ ಅದನ್ನು ಎತ್ತಿ ತೋರಿಸುತ್ತಾರೆ. ಆಗ ಕಾಣುವ ವರನು ಗಾಯಗೊಂಡವನು. ಆ ಮುಖವನ್ನು ಗುರುತಿಸಲು ನಲವತ್ತು ದಿನಗಳ ಅಭ್ಯಾಸ ಬೇಕು.

ಸಾದಲಿ, ಶಿಡ್ಲಘಟ್ಟದ ಸೀಮೆಯವರಿಗಂತೂ ಬಟ್ಟೆಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಾಲ್ಕು ವಾರ ಹಗಲಿರುಳೆನ್ನದೆ ಹಿಪ್ಪುನೇರಳೆ ಸೊಪ್ಪು ಹಾಕಿ ಹುಳು ಮೇಯಿಸುವ ಮನೆಗಳು ಇಲ್ಲಿ ಊರೂರಿಗೂ ಇವೆ. ಹುಳು ನಾಲ್ಕು ಬಾರಿ ‘ಜ್ವರಕ್ಕೆ’ ಕೂರುತ್ತದೆ; ಸೊಪ್ಪು ಮುಟ್ಟದೆ, ತಲೆಯೆತ್ತಿ, ಅಲುಗದೆ ನಿಂತು ಹಳೆಯ ಚರ್ಮ ಕಳಚುತ್ತದೆ. ಆ ನಾಲ್ಕು ಉಪವಾಸಗಳನ್ನು ದಾಟಿದ ಹುಳುವೇ ಹಣ್ಣಾಗಿ ಚಂದ್ರಿಕೆಯೇರಿ ಗೂಡು ಕಟ್ಟುವುದು. ಆವಿಲಾದ ಸಂತ ತೆರೇಸಮ್ಮನವರು 1577ರಲ್ಲಿ ಬರೆದ ‘ಅಂತರಂಗದ ಕೋಟೆ’ಯಲ್ಲಿ ಪ್ರಾರ್ಥಿಸುವ ಆತ್ಮವನ್ನು ರೇಷ್ಮೆಹುಳುವಿಗೆ ಹೋಲಿಸಿದರು, ಹುಳು ಸತ್ತು ಬಿಳಿಯ ಚಿಟ್ಟೆಯಾಗುವುದನ್ನು ಅವರು ಕ್ರಿಸ್ತನಲ್ಲಿ ದೊರೆಯುವ ಹೊಸ ಜೀವಕ್ಕೆ ಹೋಲಿಕೆಯಾಗಿ ಕಂಡರು. ನಮ್ಮಲ್ಲಿ ನೂಲಿಗಾಗಿ ಬೇಯಿಸುವ ಗೂಡಿನಿಂದ ಚಿಟ್ಟೆ ಹೊರಬರುವುದಿಲ್ಲ ಎಂಬುದನ್ನೂ ನಾವು ಬಲ್ಲೆವು. ಬಲಿಪೀಠದ ಮೇಲೆ ಹೊಳೆಯುವ ರೇಷ್ಮೆಯ ಹಿಂದೆ ಮನುಷ್ಯರ ನೋವೂ ಇದೆ. ಕರ್ನಾಟಕವೂ ಸೇರಿದಂತೆ ಭಾರತದ ರೇಷ್ಮೆ ಉದ್ಯಮದಲ್ಲಿ ಜೀತಕ್ಕೆ ಸಿಲುಕಿದ್ದ ಮಕ್ಕಳ ಸ್ಥಿತಿಯನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಜಗತ್ತಿನ ಮುಂದಿಟ್ಟಿತು. ಹಸಿವಿನ ತೆರೆಯ ಮೇಲೆ ಬರೆಯಲು ನಮಗೆ ವಿಷಯಗಳ ಕೊರತೆಯಿಲ್ಲ.

ಆದುದರಿಂದ ನಮ್ಮ ಕುಟುಂಬಗಳಿಗೂ ಧರ್ಮಕೇಂದ್ರಗಳಿಗೂ ಒಂದು ವಿನಂತಿ. ಈ ತಪಸ್ಸುಕಾಲದಲ್ಲಿ ಹೊಸ ಸ್ವರೂಪಕ್ಕೋ ಅಲಂಕಾರಕ್ಕೋ ಹಣ ಕೂಡಿಸುವ ಬದಲು ಒಂದು ತೆರೆಯನ್ನು ಹೊಲಿಯೋಣ. ಹಳೆಯ ಹತ್ತಿ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯಬಲ್ಲ ತಾಯಂದಿರು ನಮ್ಮಲ್ಲಿದ್ದಾರೆ. ಪ್ರತಿ ಶುಕ್ರವಾರ ಶಿಲುಬೆಹಾದಿಯ ಪ್ರಾರ್ಥನೆ ಮುಗಿದ ಮೇಲೆ ಒಂದೊಂದು ಕುಟುಂಬ ಒಂದೊಂದು ತುಂಡನ್ನು ತಂದು ಜೋಡಿಸಲಿ. ಮಕ್ಕಳು ತಾವು ಕಂಡ ಯೇಸುವಿನ ಯಾತನೆಯನ್ನು ಅದರ ಮೇಲೆ ಬರೆಯಲಿ: ಬತ್ತಿದ ಕೊಳವೆಬಾವಿ, ಗೂಡಿನ ದರ ಕುಸಿದ ದಿನ ಮಾರುಕಟ್ಟೆಯಿಂದ ಮರಳುವ ತಂದೆ, ನೂಲು ಬಿಚ್ಚಾಣಿಕೆಯ ಬಿಸಿನೀರಿನಲ್ಲಿ ಬೆಂದ ಕೈಗಳು, ಕೆಲಸ ಹುಡುಕಿ ಬೆಂಗಳೂರಿನ ಬಸ್ಸು ಹತ್ತುವ ಅಣ್ಣ. ಚಿತ್ರ ಸೊಟ್ಟಗಿದ್ದರೂ ಚಿಂತೆಯಿಲ್ಲ. ಬಲಿಪೀಠ ಜನರ ಕಣ್ಣಿಗೆ ಕಾಣಬೇಕೆಂಬುದು ಇಂದಿನ ಆರಾಧನಾ ಕ್ರಮದ ಆಶಯವಾದ್ದರಿಂದ, ಗುರುಗಳ ಮತ್ತು ಪಾಲನಾ ಸಮಿತಿಯ ಒಪ್ಪಿಗೆ ಪಡೆದು ಅದನ್ನು ಪಕ್ಕದ ಗೋಡೆಗೋ ಬಲಿಪೀಠದ ಹಿಂದಕ್ಕೋ ತೂಗುಹಾಕಬಹುದು. ಉಳಿದ ಹಣ ತಪಸ್ಸುಕಾಲದ ಕಾಣಿಕೆಯಾಗಿ ಹಸಿದವರನ್ನು ಸೇರಲಿ. ದೇವಾಲಯ ದೂರವಿರುವ ಒಂಟಿ ಮನೆಗಳವರು ಮನೆಯ ಪೀಠದ ಮೇಲೆ ಒಂದು ಮೊಳದ ಬಟ್ಟೆಯಲ್ಲಿ ಇದನ್ನೇ ಮಾಡಬಹುದು.

ಪವಿತ್ರ ವಾರದ ಬುಧವಾರ ಸಂಜೆ ಆ ತೆರೆಯನ್ನು ಎಲ್ಲರೂ ಕೂಡಿ ಕೆಳಗಿಳಿಸೋಣ. ಹೊಲಿದವರ ಹೆಸರು ಹಿಡಿದು, ಅದರಲ್ಲಿ ಚಿತ್ರಿತರಾದವರಿಗಾಗಿ ಪ್ರಾರ್ಥಿಸೋಣ. ಎರಡು ದಿನಗಳ ಬಳಿಕ ಶಿಲುಬೆಯ ಮುಸುಕು ಸರಿದಾಗ, ಚುಂಬಿಸಲು ಮುಂದೆ ಬರುವ ನಮ್ಮ ಮಕ್ಕಳು ಅಲ್ಲಿ ತಾವು ಬಲ್ಲ ಒಂದು ಮುಖವನ್ನು ಕಾಣುವಂತಾಗಲಿ ಎಂದು ಆ ಕರುಣಾಮಯಿ ಪ್ರಭುವನ್ನು ಬೇಡುತ್ತೇವೆ.