ಓದುಗರೇ ತೀರ್ಪುಗಾರರಾದಾಗ: ಒಂದು ಸೈನಿಕ ವಿಜ್ಞಾನ ಕಾದಂಬರಿಮಾಲೆ ಕಲಿಸುವ ಪಾಠ

ಪುಸ್ತಕ ಮಾರುವ ಜಾಲತಾಣಗಳಲ್ಲಿ ಪ್ರತಿ ಪುಸ್ತಕದ ಕೆಳಗೂ ಓದುಗರು ಕೊಟ್ಟ ನಕ್ಷತ್ರಗಳು, ಅವರು ಬರೆದ ನಾಲ್ಕು ಸಾಲಿನ ಅಭಿಪ್ರಾಯಗಳು ಕಾಣಿಸುತ್ತವೆ. ನಮ್ಮಲ್ಲಿ ಹೆಚ್ಚಿನವರು ಅವುಗಳ ಮೇಲೆ ಕಣ್ಣಾಡಿಸಿ ಮುಂದೆ ಸಾಗುತ್ತಾರೆ. ಆದರೆ ಪ್ರಕಾಶಕರ ಆಸರೆಯಿಲ್ಲದೆ ಲೇಖಕನೇ ಹೊರತಂದ ಪುಸ್ತಕಕ್ಕೆ ಆ ನಾಲ್ಕು ಸಾಲುಗಳೇ ಮುನ್ನುಡಿ, ಅವೇ ವಿಮರ್ಶೆ, ಅವೇ ಜಾಹೀರಾತು. ಓದುಗರ ಮಾತಿಗೆ ಇಷ್ಟೊಂದು ತೂಕ ಬಂದಾಗ ಏನೇನು ಸಂಭವಿಸಬಹುದು ಎಂಬುದಕ್ಕೆ ಮಾರ್ಕೊ ಕ್ಲೋಸ್ ಅವರ ‘ಫ್ರಂಟ್‌ಲೈನ್ಸ್’ ಎಂಬ ಇಂಗ್ಲಿಷ್ ಕಾದಂಬರಿಮಾಲೆ ಒಳ್ಳೆಯ ನಿದರ್ಶನ. ಭವಿಷ್ಯಕಾಲದ ಸೈನ್ಯ, ಅಂತರಿಕ್ಷ ಯುದ್ಧ, ಅನ್ಯಗ್ರಹ ಜೀವಿಗಳು ಈ ಬಗೆಯ ಬರವಣಿಗೆಯ ವಸ್ತು. ಇದನ್ನು ಸೈನಿಕ ವಿಜ್ಞಾನ ಕಾದಂಬರಿ ಎಂದು ಕರೆಯುತ್ತಾರೆ.

ತಿರಸ್ಕಾರದಿಂದ ಓದುಗರ ಬಳಿಗೆ

ಕ್ಲೋಸ್ ಜರ್ಮನಿಯಲ್ಲಿ ಹುಟ್ಟಿ ಬೆಳೆದು, ಅಲ್ಲಿನ ಸೈನ್ಯದಲ್ಲಿ ಸೇವೆ ಸಲ್ಲಿಸಿ, ಅನಂತರ ಅಮೆರಿಕದಲ್ಲಿ ನೆಲೆಸಿದವರು. ತಾಯ್ನುಡಿಯಲ್ಲದ ಇಂಗ್ಲಿಷಿನಲ್ಲಿ ಅವರು ಬರೆದ ಮೊದಲ ಕಾದಂಬರಿ ‘ಟರ್ಮ್ಸ್ ಆಫ್ ಎನ್‌ಲಿಸ್ಟ್‌ಮೆಂಟ್’ ಅನ್ನು ಪ್ರಕಾಶನ ಸಂಸ್ಥೆಗಳು ಸ್ವೀಕರಿಸಲಿಲ್ಲ. 2013ರಲ್ಲಿ ಅವರು ಅದನ್ನು ತಾವೇ ಕಿಂಡಲ್ ಇ-ಪುಸ್ತಕವಾಗಿ ಪ್ರಕಟಿಸಿದರು. ಓದಿದವರು ಮೆಚ್ಚಿ ಬರೆದರು, ಅದನ್ನು ನೋಡಿ ಇತರರು ಕೊಂಡರು. ಕೆಲವೇ ತಿಂಗಳುಗಳಲ್ಲಿ ಅಮೆಜಾನ್ ಸಂಸ್ಥೆಯ ‘47ನಾರ್ತ್’ ಎಂಬ ಪ್ರಕಾಶನ ವಿಭಾಗ ಮುಂದೆ ಬಂದು ಅದನ್ನು ಮರುಪ್ರಕಟಿಸಿತು. ಎರಡನೆಯ ಕಾದಂಬರಿ ‘ಲೈನ್ಸ್ ಆಫ್ ಡಿಪಾರ್ಚರ್’ 2014ರಲ್ಲಿ ಬಂತು. ಎಂಟನೆಯದಾದ ‘ಸೆಂಟರ್ಸ್ ಆಫ್ ಗ್ರಾವಿಟಿ’ 2022ರಲ್ಲಿ. ಇದೇ ಕಥಾಲೋಕಕ್ಕೆ ಸೇರಿದ ‘ಲಕ್ಕಿ 13’ ಎಂಬ ಸಣ್ಣಕಥೆ 2019ರಲ್ಲಿ ನೆಟ್‌ಫ್ಲಿಕ್ಸ್‌ನ ‘ಲವ್, ಡೆತ್ ಆ್ಯಂಡ್ ರೋಬಾಟ್ಸ್’ ಸರಣಿಯ ಒಂದು ಕಂತಾಯಿತು.

ಕಥೆ ನಡೆಯುವುದು ಇಪ್ಪತ್ತೆರಡನೆಯ ಶತಮಾನದ ಆರಂಭದಲ್ಲಿ. ಜನಸಂಖ್ಯೆ ಮಿತಿಮೀರಿದ ಭೂಮಿಯಲ್ಲಿ ಬಡವರು ಸರಕಾರ ಕಟ್ಟಿಸಿದ ಬೃಹತ್ ವಸತಿ ಸಮುಚ್ಚಯಗಳಲ್ಲಿ, ಪಡಿತರದ ಕೃತಕ ಆಹಾರ ತಿಂದು ಬದುಕುತ್ತಾರೆ. ಅಲ್ಲಿಂದ ಹೊರಬೀಳಲು ಇರುವ ದಾರಿಗಳು ಎರಡು: ಬೇರೆ ಗ್ರಹಕ್ಕೆ ವಲಸೆ ಹೋಗುವ ಲಾಟರಿ ಗೆಲ್ಲುವುದು, ಇಲ್ಲವೇ ಸೈನ್ಯಕ್ಕೆ ಸೇರುವುದು. ಬಾಸ್ಟನ್ ಪ್ರದೇಶದ ಅಂಥ ಒಂದು ವಸತಿಯ ಯುವಕ ಆ್ಯಂಡ್ರೂ ಗ್ರೇಸನ್ ಎರಡನೆಯ ದಾರಿ ಹಿಡಿಯುತ್ತಾನೆ. ತರಬೇತಿ ಮುಗಿದ ಮೇಲೆ ಡೆಟ್ರಾಯಿಟ್ ನಗರದಲ್ಲಿ, ತನ್ನಂತೆಯೇ ಪಡಿತರ ನಂಬಿ ಬದುಕುವ ಜನರ ದಂಗೆಯನ್ನು ಅಡಗಿಸುವ ಕೆಲಸ ಅವನ ಪಾಲಿಗೆ ಬರುತ್ತದೆ. ಅನಂತರ ನೌಕಾಪಡೆ ಸೇರಿ ಅಂತರಿಕ್ಷಕ್ಕೆ ಹೋದಾಗ ‘ಲ್ಯಾಂಕಿ’ ಎಂಬ ಅಡ್ಡಹೆಸರಿನ ದೈತ್ಯ ಜೀವಿಗಳು ಎದುರಾಗುತ್ತವೆ.

ಓದುಗರು ಮೆಚ್ಚಿದ್ದು, ಆಕ್ಷೇಪಿಸಿದ್ದು

ಈ ಮಾಲೆಯನ್ನು ಕುರಿತು ಮೆಚ್ಚಿ ಬರೆದವರು ಮುಖ್ಯವಾಗಿ ಹೇಳುವುದು ಮೂರು ಸಂಗತಿಗಳನ್ನು. ಓಟ ತಗ್ಗದ ನಿರೂಪಣೆ ಒಂದು. ಕಥೆ ಸೇನಾಪತಿಯ ಡೇರೆಯಿಂದಲ್ಲದೆ ಸಾಮಾನ್ಯ ಸಿಪಾಯಿಯ ಕಣ್ಣಿನಿಂದ ಕಾಣಿಸುತ್ತದೆ ಎಂಬುದು ಇನ್ನೊಂದು. ಲೇಖಕರು ಸ್ವತಃ ಸೈನಿಕರಾಗಿದ್ದುದರಿಂದ ಬ್ಯಾರಕ್ಕಿನ ದಿನಚರಿ, ಕಾಯುವಿಕೆಯ ಬೇಸರ, ಸಹಚರರ ನಂಟು ನೈಜವಾಗಿ ಮೂಡಿವೆ ಎಂಬುದು ಮೂರನೆಯದು.

ಆಕ್ಷೇಪಗಳೂ ಸಣ್ಣವಲ್ಲ. ಯುವಕ ಸೈನ್ಯ ಸೇರಿ, ತರಬೇತಿ ಪಡೆದು, ಯುದ್ಧಕ್ಕೆ ಹೋಗುವ ಕಥೆ ಈ ಪ್ರಕಾರದಲ್ಲಿ ಬಹಳ ಹಳೆಯದು. ರಾಬರ್ಟ್ ಹೈನ್‌ಲೈನ್ ಅವರ ‘ಸ್ಟಾರ್‌ಶಿಪ್ ಟ್ರೂಪರ್ಸ್’ (1959) ಓದಿದವರಿಗೆ ಇಲ್ಲಿ ಹೊಸದೇನಿದೆ ಎಂದು ಹಲವರು ಕೇಳುತ್ತಾರೆ. ಅನ್ಯಗ್ರಹ ಜೀವಿಗಳು ಮೊದಲ ಕಾದಂಬರಿಯ ಕೊನೆಯ ಭಾಗದಲ್ಲಷ್ಟೇ ಕಾಣಿಸಿಕೊಳ್ಳುವುದರಿಂದ ಅದು ಎರಡು ಪುಸ್ತಕಗಳನ್ನು ಜೋಡಿಸಿದಂತಿದೆ ಎಂಬ ದೂರೂ ಇದೆ. ಆ ಜೀವಿಗಳ ಬುದ್ಧಿ, ಉದ್ದೇಶಗಳ ಬಗ್ಗೆ ಸಾಕಷ್ಟು ವಿವರವಿಲ್ಲ ಎನ್ನುವವರಿದ್ದಾರೆ.

ಈ ಮಾತುಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಹೈನ್‌ಲೈನ್ ಸೈನಿಕ ಸೇವೆಯನ್ನು ಪೌರತ್ವದ ಮೆಟ್ಟಿಲಾಗಿ ಚಿತ್ರಿಸಿದರು. ವಿಯೆಟ್ನಾಂ ಯುದ್ಧದಲ್ಲಿ ಗಾಯಗೊಂಡು ಬಂದ ಜೋ ಹಾಲ್ಡ್‌ಮನ್ ‘ದಿ ಫಾರೆವರ್ ವಾರ್’ (1974) ಕಾದಂಬರಿಯಲ್ಲಿ ಯುದ್ಧದ ನಿರರ್ಥಕತೆಯನ್ನು ತೋರಿಸಿದರು. ಕ್ಲೋಸ್ ಅವರ ನಾಯಕ ಸೈನ್ಯಕ್ಕೆ ಹೋಗುವುದು ಹೊಟ್ಟೆಯ ಪಾಡಿಗಾಗಿ. ಹೀಗಾಗಿ ಒಂದೇ ಪುಟ ಒಬ್ಬರಿಗೆ ಹಳೆಯ ಕಥೆಯ ಪುನರಾವರ್ತನೆಯಾಗಿಯೂ ಇನ್ನೊಬ್ಬರಿಗೆ ಬಡತನದ ಕಥೆಯಾಗಿಯೂ ಕಂಡಿದೆ. ಕಾರಣ ಸಹಿತವಾಗಿ ಬರೆದ ಆಕ್ಷೇಪವೂ ಹೊಸ ಓದುಗನಿಗೆ ದಾರಿ ತೋರಿಸಬಲ್ಲದು. ನಕ್ಷತ್ರಗಳ ಸರಾಸರಿಯಿಂದ ಈ ಭೇದ ತಿಳಿಯುವುದಿಲ್ಲ.

ಗೌರವವನ್ನು ಮರಳಿಸಿದ ಲೇಖಕ

2015ರಲ್ಲಿ ‘ಲೈನ್ಸ್ ಆಫ್ ಡಿಪಾರ್ಚರ್’ ಹ್ಯೂಗೋ ಪ್ರಶಸ್ತಿಯ ಅತ್ಯುತ್ತಮ ಕಾದಂಬರಿ ವಿಭಾಗದ ಅಂತಿಮ ಪಟ್ಟಿಗೆ ಬಂತು. ವಿಜ್ಞಾನ ಕಥಾಸಾಹಿತ್ಯದ ಈ ಪ್ರಸಿದ್ಧ ಪ್ರಶಸ್ತಿಯನ್ನು ತೀರ್ಮಾನಿಸುವವರು ಓದುಗರೇ. ವಿಶ್ವ ವಿಜ್ಞಾನ ಕಥಾ ಸಮ್ಮೇಳನದ ಸದಸ್ಯತ್ವ ಪಡೆದ ಯಾರಾದರೂ ಮತ ಹಾಕಬಹುದು. ಆಗಿನ ನಿಯಮದಂತೆ ಪ್ರತಿ ಸದಸ್ಯ ಒಂದು ವಿಭಾಗಕ್ಕೆ ಐದು ಕೃತಿಗಳವರೆಗೆ ಸೂಚಿಸಬಹುದಿತ್ತು. ಸಾಮಾನ್ಯ ಓದುಗರ ಸೂಚನೆಗಳು ನೂರಾರು ಕೃತಿಗಳಲ್ಲಿ ಹಂಚಿಹೋಗುತ್ತವೆ. ಆದ್ದರಿಂದ ಕೆಲವು ನೂರು ಜನ ಒಂದೇ ಪಟ್ಟಿಯನ್ನು ಹಿಡಿದು ಸೂಚಿಸಿದರೆ ಇಡೀ ವಿಭಾಗವೇ ಅವರ ವಶವಾಗಬಲ್ಲದು. ಆ ವರ್ಷ ‘ಸ್ಯಾಡ್ ಪಪ್ಪೀಸ್’, ‘ರ್‍ಯಾಬಿಡ್ ಪಪ್ಪೀಸ್’ ಎಂಬ ಹೆಸರಿನ ಎರಡು ಗುಂಪುಗಳು ಮಾಡಿದ್ದು ಅದನ್ನೇ. ಕ್ಲೋಸ್ ಅವರ ಕಾದಂಬರಿಯೂ ಅವರ ಪಟ್ಟಿಗಳಲ್ಲಿತ್ತು.

ವಿಷಯ ತಿಳಿದ ಕ್ಲೋಸ್, ಕೃತಿಯ ಗುಣವೊಂದರಿಂದಲೇ ಬಂದಿತೆಂದು ಹೇಳಲಾಗದ ಗೌರವವನ್ನು ಆತ್ಮಸಾಕ್ಷಿಗೆ ಒಪ್ಪುವಂತೆ ಸ್ವೀಕರಿಸಲಾರೆ ಎಂಬ ಅರ್ಥದ ಹೇಳಿಕೆ ಕೊಟ್ಟು ಸ್ಪರ್ಧೆಯಿಂದ ಹಿಂದೆ ಸರಿದರು. ಪ್ರಕಾಶಕರು ತಿರಸ್ಕರಿಸಿದ ಪುಸ್ತಕದಿಂದ ಆರಂಭಿಸಿದ ಬರಹಗಾರನಿಗೆ ಆ ಪಟ್ಟಿಯಲ್ಲಿ ಹೆಸರು ಉಳಿಯುವುದು ಎಷ್ಟು ದೊಡ್ಡ ಆಸೆಯಾಗಿದ್ದಿರಬೇಕು ಎಂದು ಊಹಿಸಬಹುದು.

ತೆರವಾದ ಸ್ಥಾನಕ್ಕೆ ಬಂದದ್ದು ಚೀನಾದ ಲಿಯು ತ್ಸಿಶಿನ್ ಅವರ ಕಾದಂಬರಿ, ಕೆನ್ ಲಿಯು ಅನುವಾದಿಸಿದ ‘ದಿ ಥ್ರೀ-ಬಾಡಿ ಪ್ರಾಬ್ಲಮ್’. ಅಂತಿಮ ಮತದಾನದಲ್ಲಿ 5,950 ಮಂದಿ ಮತ ಹಾಕಿದರು. ಗುಂಪುಪಟ್ಟಿಯ ಕೃತಿಗಳೇ ತುಂಬಿದ್ದ ಐದು ವಿಭಾಗಗಳಲ್ಲಿ ‘ಯಾರಿಗೂ ಪ್ರಶಸ್ತಿ ಬೇಡ’ ಎಂದು ತೀರ್ಪಿತ್ತರು. ಅತ್ಯುತ್ತಮ ಕಾದಂಬರಿಯಾಗಿ ಚೀನೀ ಕೃತಿಯನ್ನು ಆರಿಸಿದರು. ಆ ವಿಭಾಗದಲ್ಲಿ ಅನುವಾದಿತ ಕಾದಂಬರಿಯೊಂದು ಗೆದ್ದದ್ದು ಅದೇ ಮೊದಲು. 2017ರಿಂದ ಸೂಚನೆಗಳನ್ನು ಎಣಿಸುವ ವಿಧಾನವೂ ಬದಲಾಗಿ, ಗುಂಪುಪಟ್ಟಿಗಳ ಬಲ ಕುಗ್ಗಿತು.

ನಮ್ಮ ಮನೆಗಳಿಗೆ ಇದು ಏಕೆ ಬೇಕು

ಲೇಖಕನೇ ಪ್ರಕಾಶಕನಾಗುವುದು ಕನ್ನಡಕ್ಕೆ ಹೊಸತಲ್ಲ. ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಆದರೆ ಹೊಸ ತಂತ್ರಜ್ಞಾನದ ಬಾಗಿಲು ನಮಗೆ ಅಷ್ಟು ಬೇಗ ತೆರೆಯಲಿಲ್ಲ. 2016ರ ಕೊನೆಯಲ್ಲಿ ಕಿಂಡಲ್ ಐದು ಭಾರತೀಯ ಭಾಷೆಗಳಿಗೆ ಅವಕಾಶ ಕಲ್ಪಿಸಿದಾಗ ಅವು ಹಿಂದಿ, ತಮಿಳು, ಮರಾಠಿ, ಗುಜರಾತಿ ಮತ್ತು ಮಲಯಾಳ. ಕಾಸರಗೋಡು, ತಾಳವಾಡಿ, ಸೊಲ್ಲಾಪುರಗಳ ಕನ್ನಡಿಗರ ಸುತ್ತಲಿನ ರಾಜ್ಯಭಾಷೆಗಳು ಪಟ್ಟಿಯಲ್ಲಿದ್ದವು, ಕನ್ನಡ ಇರಲಿಲ್ಲ. ಇಂದು ‘ಪ್ರತಿಲಿಪಿ’ಯಂಥ ವೇದಿಕೆಗಳಲ್ಲಿ ಯಾರು ಬೇಕಾದರೂ ಕನ್ನಡದಲ್ಲಿ ಕಥೆ ಪ್ರಕಟಿಸಬಹುದು, ಓದಿದವರು ಅಲ್ಲಿಯೇ ಅಭಿಪ್ರಾಯ ಬರೆಯಬಹುದು. ‘ಮೈಲ್ಯಾಂಗ್’ ಕನ್ನಡದ ಇ-ಪುಸ್ತಕಗಳನ್ನೂ ಕೇಳುಪುಸ್ತಕಗಳನ್ನೂ ಒದಗಿಸುತ್ತಿದೆ.

ಅಂಗಡಿಯಲ್ಲಿ ಕನ್ನಡ ಪುಸ್ತಕ ಸಿಗದ ಊರುಗಳಲ್ಲಿ ಓದುಗನ ಮಾತಿಗೆ ಇನ್ನೂ ಹೆಚ್ಚಿನ ಬೆಲೆಯಿದೆ. ಸಂಖ್ಯೆಯಲ್ಲಿ ಕಡಿಮೆಯಿರುವ ನಮಗೆ ‘ನಮ್ಮವರು ಬರೆದದ್ದು, ಐದು ನಕ್ಷತ್ರ ಕೊಟ್ಟುಬಿಡೋಣ’ ಎಂಬ ಸೆಳೆತ ಸಹಜ. ಅಭಿಮಾನದಿಂದ ಕೊಟ್ಟ ಅಂಥ ನಕ್ಷತ್ರಗಳು ಒಂದೆರಡು ಪುಸ್ತಕಗಳನ್ನು ಮಾರಿಸಬಹುದು. ನಿರಾಶನಾದ ಓದುಗ ಮೂರನೆಯ ಕನ್ನಡ ಪುಸ್ತಕಕ್ಕೆ ಕೈಹಾಕುವುದಿಲ್ಲ.

ಆದ್ದರಿಂದ ಪೋಷಕರಲ್ಲಿ ಒಂದು ವಿನಂತಿ. ಶಾಲೆಯ ಗ್ರಂಥಾಲಯದಿಂದ ತಂದ ಪುಸ್ತಕವನ್ನು ಮಗು ಓದಿ ಮುಗಿಸಿದಾಗ ಐದು ವಾಕ್ಯಗಳನ್ನು ಬರೆಯಿಸಿ. ಯಾವ ಭಾಗ ಹಿಡಿದು ಕೂರಿಸಿತು, ಎಲ್ಲಿ ಬೇಸರವಾಯಿತು, ಎರಡಕ್ಕೂ ಕಾರಣವೇನು, ಇದನ್ನು ಯಾರು ಓದಿದರೆ ಸಂತೋಷಪಡುತ್ತಾರೆ ಎಂಬುದಿಷ್ಟು ಸಾಕು. ಕಥೆಯ ಅಂತ್ಯವನ್ನು ಬಿಟ್ಟುಕೊಡಬೇಕಾಗಿಲ್ಲ. ಅದನ್ನು ಪುಸ್ತಕದೊಳಗೆ ಒಂದು ಚೀಟಿಯಾಗಿ ಇಟ್ಟು ಹಿಂದಿರುಗಿಸಿದರೆ, ಮುಂದೆ ಆ ಪುಸ್ತಕವನ್ನು ಕೈಗೆತ್ತಿಕೊಳ್ಳುವ ಮಗುವಿಗೆ ಮೊದಲ ಪುಟಕ್ಕಿಂತ ಮುಂಚೆಯೇ ಒಬ್ಬ ಗೆಳೆಯ ಸಿಕ್ಕಂತಾಗುತ್ತದೆ.